ತಿಪ್ಪೆಯಲ್ಲಿ ಹೂತ ಶಾಸನ

ಸುಲ್ತಾನರ ಪಟ್ಟಣ ಶತ್ರುಗಳ ಕೈಗೆ ಬಿದ್ದು ಮೂರು ತಿಂಗಳಾಗಿತ್ತು. ಚಿನಕುರಳಿಯಲ್ಲಿ ಬೀಸುವ ಕಲ್ಲು ಕೊರೆದುಕೊಡು ಎಂದು ಕೇಳುವವರೂ ಇರಲಿಲ್ಲ. ಬೀಸಲು ಕಾಳೇ ಇರಲಿಲ್ಲ. ದಂಡು ಹಾದುಹೋಗುವಾಗ ರಾಗಿ ಹೋಯಿತು, ಎತ್ತು ಹೋಯಿತು, ಕಲ್ಲುಕೆಲಸದ ಕಾಳಪ್ಪನ ಉಳಿಗಳಲ್ಲಿ ಅರ್ಧ ಹೋದವು. ಹೆಂಡತಿ ವೆಂಕಟಮ್ಮ ಕೆರೆ ಏರಿಯ ಸೊಪ್ಪು ಕಿತ್ತು ತಂದು ಬೇಯಿಸುತ್ತಿದ್ದಳು. ಉಪ್ಪಿಲ್ಲದ ದಿನ ಅದನ್ನೇ ಸಪ್ಪೆಯಾಗಿ ತಿನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಪಟೇಲ ಕರಿಯಪ್ಪಗೌಡ ತಾನೇ ಕಾಳಪ್ಪನ ಬಾಗಿಲಿಗೆ ಬಂದ.

"ಒಂದು ಶಾಸನ ಬರೀಬೇಕು ಕಣ್ಲಾ ಆಚಾರಿ. ಒಂದು ಪಲ್ಲ ರಾಗಿ ಕೊಡ್ತೀನಿ. ನಮ್ ಕೊಟ್ಟಿಗೆ ಹಿಂದೆ ಕೂತ್ಕಂಡು ಕೆತ್ತು. ಯಾರ್ಗೂ ಗೊತ್ತಾಗ್ಬಾರ್ದು."

"ಕೆತ್ತಿದ್ರೆ ಸದ್ದಾಯ್ತದಲ್ಲ ಗೌಡ್ರೆ."

"ಒರಳು ಕೊರೀತಾ ಇವ್ನಿ ಅನ್ನು."

ಗೌಡ ಹೋದ ಮೇಲೆ ವೆಂಕಟಮ್ಮ ಕೇಳಿದಳು, "ಶಾಸನ ಅಂದ್ರೆ ನಾಕು ಜನ ನೋಡ್ಲಿ ಅಂತ ನಿಲ್ಸೋದು. ಅದನ್ಯಾಕೆ ಕದ್ದು ಕೆತ್ತುಸ್ತಾರೆ?"

ಕಾಳಪ್ಪನಿಗೂ ಅದೇ ಅನುಮಾನ. ಆದರೆ ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು. ಒಪ್ಪಿಕೊಂಡ.

ಕೆಲಸ ಶುರುವಾದ ಮೇಲೆ ಅನುಮಾನ ಬೆಳೆಯಿತೇ ಹೊರತು ಕರಗಲಿಲ್ಲ. ಶಾನುಭೋಗರು ಒಕ್ಕಣೆಯನ್ನು ಒಟ್ಟಿಗೆ ಕೊಡಲಿಲ್ಲ. ದಿನಕ್ಕೆ ಎರಡು ಸಾಲು ಬರೆದುಕೊಡುವರು, ಕೆತ್ತಿದೊಡನೆ ಓಲೆ ವಾಪಸ್ಸು ಇಸಿದುಕೊಳ್ಳುವರು. ಮೊದಲ ದಿನ ಶ್ರೀಮುಖ ಸಂವತ್ಸರ ಎಂದು ಬಂತು. ಕಾಳಪ್ಪ ಬೆರಳು ಮಡಿಸಿ ಎಣಿಸಿದ. ನಲವತ್ತಾರು ವರ್ಷದ ಹಿಂದಿನದು. ಇವತ್ತು ಕೆತ್ತುವ ಕಲ್ಲಿಗೆ ಅಂದಿನ ತಿಥಿ ಯಾಕೆ?

ನಾಲ್ಕನೇ ದಿನ ವಿಷಯ ಬಯಲಾಯಿತು. ಕರಿಯಪ್ಪಗೌಡನ ಅಜ್ಜ ಬಯಲಾಟ ಕಲಿಸುವ ಊರಿನ ಆಟದ ಮನೆಯನ್ನು ಕಟ್ಟಿಸಿ, ಪಕ್ಕದ ಹೊಲವನ್ನು ಅದಕ್ಕೆ ಬಿಟ್ಟು, ಎರಡನ್ನೂ ತನ್ನ ವಂಶದ ಕೈಯಲ್ಲಿ ಇಟ್ಟನಂತೆ.

ಕಾಳಪ್ಪನ ಉಳಿ ನಿಂತಿತು. ಆಟದ ಮನೆ ಎದ್ದು ಹನ್ನೆರಡು ವರ್ಷವಷ್ಟೆ. ಅದರ ತಳಪಾಯದ ಕಲ್ಲು ಹೊತ್ತವನು ಅವನೇ. ಊರಾಚೆ ಕೇರಿಯ ಮಂಚಯ್ಯ, ಮದ್ದಳೆಯಲ್ಲಿ ಸುತ್ತಲಿನ ಹತ್ತೂರಿಗೆ ಹೆಸರಾದವನು, ಮುಂದೆ ನಿಂತು ಕಟ್ಟಿಸಿದ್ದ. ಮುಳ್ಳು ಕಡಿದು ಹೊಲ ಮಾಡಿದವರೂ ಕೇರಿಯವರೇ. ಅಲ್ಲಿ ಬೆಳೆದ ರಾಗಿಯಲ್ಲಿ ಕಲಿಯಲು ಬಂದವರಿಗೆಲ್ಲ ಅಂಬಲಿ. ಒಕ್ಕಲಿಗರು, ಆಚಾರಿಗಳು, ಕೇರಿಯವರು ಒಂದೇ ನೆಲದ ಮೇಲೆ ಹೆಜ್ಜೆ ಹಾಕುತ್ತಿದ್ದ ಮನೆ ಆ ಸೀಮೆಯಲ್ಲಿ ಅದೊಂದೇ. ಬೂಕನಕೆರೆಯಿಂದಲೂ ನಡೆದು ಬರುತ್ತಿದ್ದರು.

ಹೊಸ ಸರ್ಕಾರ ಹಳೆಯ ಮಾನ್ಯದ ನೆಲಗಳನ್ನು ಪುರಾವೆ ನೋಡಿ ಬಿಟ್ಟುಕೊಡುತ್ತದೆ ಎಂದು ಸುದ್ದಿ ಹಬ್ಬಿತ್ತು. ಕಾಳಪ್ಪನಿಗೆ ಈಗ ಅರ್ಥವಾಯಿತು.

ಕೊನೆಯ ಸಾಲನ್ನು ಗೌಡನೇ ತಂದ. 'ಕೇರಿಯವರು ಈ ಮನೆಯ ಹೊಸಿಲು ದಾಟಕೂಡದು.'

"ಇದು ನನ್ ಕೈಲಿ ಆಗಕಿಲ್ಲ ಗೌಡ್ರೆ. ಆ ಮನೆ ಮಂಚಣ್ಣಂದು."

"ನೀನು ನಿಂತಿರೋ ಜಾಗ ಯಾರ್ದು?"

ಕಾಳಪ್ಪನ ಗುಡಿಸಲು ಗೌಡನ ನೆಲದ ಮೇಲಿತ್ತು.

"ಅರ್ಧ ಪಲ್ಲ ತಿಂದಿದ್ದೀಯ. ಇನ್ನರ್ಧ ಬೇಕೋ, ಇವತ್ತೇ ಗಂಟುಮೂಟೆ ಕಟ್ತೀಯೋ?"

ಕಾಳಪ್ಪ ಕೆತ್ತಿದ. ಹಳೆಯದಾಗಿ ಕಾಣಲೆಂದು ಆಳುಗಳು ಕಲ್ಲಿಗೆ ಸಗಣಿ ಬಳಿದು ತಿಪ್ಪೆಯಲ್ಲಿ ಹೂತರು. ಮನೆಗೆ ಬಂದ ರಾಗಿಯನ್ನು ವೆಂಕಟಮ್ಮ ಬೀಸಿದಳು, ಮುದ್ದೆ ಮಾಡಿದಳು. ಕಾಳಪ್ಪ ತನ್ನ ಪಾಲಿನ ಮುದ್ದೆಯನ್ನು ಅವಳ ಕಡೆಗೆ ಸರಿಸಿದ. ದಾರಿಯಲ್ಲಿ ಮಂಚಯ್ಯ ಎದುರಾಗಿ, "ಏನ್ ಆಚಾರಪ್ಪ, ಆಟದ ಮನೆ ಕಡೀಕೇ ಬರ್ನಿಲ್ವಲ್ಲ" ಅಂದಾಗ ಮುಖ ತಿರುಗಿಸಿ ನಡೆದ.

ತಿಂಗಳು ಕಳೆದು, ಮಾನ್ಯಗಳ ಪುರಾವೆ ನೋಡಲು ಹಿರೋಡೆಯಿಂದ ಹೊಸ ಸರ್ಕಾರದ ಅಮಲ್ದಾರ ಬಂದ. ಚಾವಡಿ ಮುಂದೆ ಊರು ಸೇರಿತು. ಗೌಡನ ಆಳುಗಳು ಕಲ್ಲನ್ನು ಹೊತ್ತು ತಂದರು, ಉಳುವಾಗ ಸಿಕ್ಕಿತಂತೆ. ಶಾನುಭೋಗರು ಗಟ್ಟಿಯಾಗಿ ಓದಿದರು.

ಮಂಚಯ್ಯ ಕಣ್ಣು ಕಣ್ಣು ಬಿಟ್ಟ. "ನಾನು ಕಟ್ಟೋವಾಗ ಅಲ್ಲಿ ಬರೀ ಕಳ್ಳಿ ಬೆಳೆದಿತ್ತು ಬುದ್ದಿ. ಇದ್ಯಾವಾಗಿನ ಕಲ್ಲು?"

"ಬರದಿರೋದು ಸುಳ್ಳು ಅಂತೀಯೇನೋ?" ಅಂದ ಅಮಲ್ದಾರ.

ವೆಂಕಟಮ್ಮ ಗಂಡನ ಕಡೆ ನೋಡಿದಳು. ಕಾಳಪ್ಪ ಎದ್ದು ನಿಂತ.

"ಸುಳ್ಳು ಸ್ವಾಮಿ. ಅದನ್ನ ಹೋದ ತಿಂಗಳು ನಾನೇ ಕೆತ್ತಿದ್ದು. ಗೌಡ್ರು ಕೆತ್ತಿಸಿದ್ರು. ರಾಗಿಗೆ ಆಸೆಬಿದ್ದೆ."

ಗದ್ದಲವೆದ್ದಿತು. ಗೌಡ ಅಮಲ್ದಾರನ ಕಿವಿಯಲ್ಲಿ ಏನೋ ಹೇಳಿದ. ಅಮಲ್ದಾರ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಹೇಳಿದ: "ಕಳ್ಳ ಶಾಸನ ಕೆತ್ತಿದ್ದನ್ನ ಇವನೇ ಒಪ್ಪಿಕೊಂಡ. ಕಟ್ಟಿ, ಹಿರೋಡೆಗೆ ನಡೆಸಿ. ಗೌಡರು ಕೆತ್ತಿಸಿದ್ರು ಅನ್ನೋಕೆ ಒಬ್ಬ ಆಚಾರಿ ಮಾತು ಸಾಲದು. ಮನೆ, ಹೊಲ ಶಾಸನದಲ್ಲಿ ಇದ್ದ ಹಾಗೆ ಗೌಡರಿಗೆ."

"ಕಲ್ಲು ಕಳ್ಳದಾದ್ರೆ ಮನೆ ಹೆಂಗೆ ಗೌಡ್ರಿಗೆ ಹೋಯ್ತದೆ?" ಕಾಳಪ್ಪ ಕೇಳಿದ. "ಕಲ್ಲು ದಿಟವಾದ್ರೆ ನನ್ಯಾಕೆ ಕಟ್ತೀರಿ?"

ಅಮಲ್ದಾರ ಪಲ್ಲಕ್ಕಿ ತರಲು ಹೇಳಿದ. ನಾಲ್ಕು ಜನ ಜವಾನರು ಕಾಳಪ್ಪನ ಕೈ ಹಿಂದಕ್ಕೆ ಕಟ್ಟಿದರು.

ಊರು ದಾಟುವಾಗ ಜವಾನನೊಬ್ಬ ತಿರುಗಿ ನೋಡಿದ. ವೆಂಕಟಮ್ಮ ಬರುತ್ತಿದ್ದಳು. ಪಕ್ಕದಲ್ಲಿ ಮಂಚಯ್ಯ. ಅವನ ಹಿಂದೆ ಕೇರಿ, ಕೇರಿಯ ಹಿಂದೆ ಆಟ ಕಲಿತ ಒಕ್ಕಲಿಗರು. ಗೌಡನ ತಮ್ಮನ ಮಗ ಮರಿಸ್ವಾಮಿಯೂ ಇದ್ದ. ಮನೆಯವರು ಕೂಗಿ ಕರೆದರೂ ಅವನು ನಿಲ್ಲಲಿಲ್ಲ.

"ನೀವೆಲ್ಲ ಎಲ್ಲಿಗೆ? ನಮಗೆ ಬೇಕಾಗಿರೋದು ಇವನೊಬ್ಬ," ಜವಾನ ಗದರಿದ.

"ನನ್ಗೆ ಹೆಜ್ಜೆ ಕಲ್ಸಿದ್ದು ಮಂಚಣ್ಣ," ಮರಿಸ್ವಾಮಿ ಅಂದ. "ಅದನ್ನೂ ಬರ್ಕಳಕ್ ಹೇಳಿ."

ಜವಾನ ಬೆತ್ತ ಎತ್ತಿದ. ಯಾರೂ ಹಿಂದೆ ಸರಿಯಲಿಲ್ಲ. ಮಂಚಯ್ಯ ಮುಂದೆ ಬಂದು, ಇಷ್ಟು ವರ್ಷ ಮೇಲ್ಜಾತಿಯವರನ್ನು ಮುಟ್ಟಲು ಅಂಜಿದ ಕೈಯನ್ನು ಕಾಳಪ್ಪನ ಹೆಗಲ ಮೇಲಿಟ್ಟ.

"ಒಬ್ಬ ಆಚಾರಿ ಮಾತು ಸಾಲ್ದು ಅಂದ್ರಲ್ಲ ಸ್ವಾಮಿ," ಅಂದ. "ಸಾಕ್ಷಿ ಬತ್ತಾ ಅವ್ರೆ. ಎಷ್ಟು ಜನ ಬೇಕೋ ಎಣಿಸ್ಕಳಿ."