ಊರು ಬಿಟ್ಟವರ ಅಡ್ಡಹೆಸರು

ಯಾರೇ ಸಿಗಲಿ, ಶಕುಂತಲಾ ಮೊದಲು ಅಡ್ಡಹೆಸರು ಕೇಳಬೇಕು, ಆಮೇಲೆ ಊರು ಕೇಳಬೇಕು. ಹುಬ್ಬಳ್ಳಿಯಲ್ಲಿ ಅದು ಮರ್ಯಾದೆ. ಅಮೆರಿಕದ ಇರ್ವಿಂಗ್‌ಗೆ ಬಂದ ಮೇಲೆ ಮಾತ್ರ ಮಗ ಶ್ರೀಶೈಲ್ ಅದಕ್ಕೆ ಮುಖ ಗಂಟಿಕ್ಕುತ್ತಿದ್ದ.

ಈಗ, ೧೯೯೯ರಲ್ಲಿ, ಮನೆಯ ಅಡ್ಡಹೆಸರಿಗೇ ಕುತ್ತು ಬಂದಿತ್ತು. ಮುಂದಿನ ವಾರ ಶ್ರೀಶೈಲನಿಗೆ ಅಮೆರಿಕದ ಪೌರತ್ವದ ಸಂದರ್ಶನ. ಬೇಕಾದವರು ಅದರ ಜೊತೆಗೇ ಹೆಸರನ್ನೂ ಬದಲಿಸಿಕೊಳ್ಳಬಹುದಂತೆ. ಆಫೀಸಿನಲ್ಲಿ 'ಮುಳಗುಂದ' ಯಾರ ನಾಲಿಗೆಗೂ ಹೊರಳುವುದಿಲ್ಲ, ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳಿ ಸಾಕಾಗಿದೆ, ಇನ್ನು 'ಮಿಲ್ಲರ್' ಆಗುತ್ತೇನೆ ಎಂದ. ಶಕುಂತಲಾಗೆ ತೀರಿಹೋದ ಗಂಡನನ್ನು ಇನ್ನೊಮ್ಮೆ ಕಳಿಸಿಕೊಟ್ಟಂತೆ ಸಂಕಟವಾಯಿತು.

ಮರುದಿನ ಪಕ್ಕದ ಮನೆಯ ಪರ್ಸಿ ಮುದುಕ ಗಿಡಗಳಿಗೆ ನೀರು ಬಿಡುತ್ತಿದ್ದ. ಬೇಲಿಯ ಈಚೆಯಿಂದ, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಅವನ ಊರು ಕೇಳಿದಳು.

"ಹ್ಯೂಸ್ಟನ್."

"ಅದಕ್ಕೂ ಮೊದಲು?"

"ನಮ್ಮಜ್ಜನ ಅಜ್ಜ ವರ್ಜೀನಿಯಾದವನು. ಅದಕ್ಕೂ ಹಿಂದೆ ಇಂಗ್ಲೆಂಡು."

"ಅದಕ್ಕೂ ಮೊದಲು?"

ಪರ್ಸಿ ಪೈಪು ಕೆಳಗಿಟ್ಟ. ಅಷ್ಟು ಹಿಂದಿನದನ್ನು ಅವನ ಹೆಂಡತಿಯೂ ಕೇಳಿದವಳಲ್ಲ.

ಪರ್ಸಿ ಎಂಬ ಅವನ ಅಡ್ಡಹೆಸರು ಫ್ರಾನ್ಸಿನ ನಾರ್ಮಂಡಿಯ ಒಂದು ಊರಿನದಂತೆ. ಒಂಬೈನೂರು ವರ್ಷಗಳ ಹಿಂದೆ ಅಲ್ಲಿನ ದೊರೆ ಇಂಗ್ಲೆಂಡನ್ನು ಗೆದ್ದ. ಅವನ ಬೆನ್ನಿಗೆ ಹೋದ ಎಷ್ಟೋ ಮನೆತನಗಳಿಗೆ ಬಿಟ್ಟುಬಂದ ಊರೇ ಹೆಸರಾಯಿತು.

"ಆ ಹೆಸರಿನ ಊರು ಎರಡಿವೆ. ನಮ್ಮವರು ಯಾವುದರವರೋ ದೇವರೇ ಬಲ್ಲ," ಎಂದು ನಕ್ಕ. "ಎರಡನೇ ಮಹಾಯುದ್ಧದಲ್ಲಿ ಒಂದಕ್ಕೆ ಹೋಗಿದ್ದೆ. ಆಗಿನ್ನೂ ಹುಡುಗ. ದಾರಿಬದಿಯ ಕಲ್ಲಿನ ಮೇಲೆ ನನ್ನ ಹೆಸರು ನೋಡಿ ಅತ್ತುಬಿಟ್ಟೆ. ಫ್ರೆಂಚ್ ಬಲ್ಲ ಗೆಳೆಯನಿಂದ ಒಬ್ಬ ಅಜ್ಜಿಯನ್ನು ಕೇಳಿಸಿದೆ, ಪರ್ಸಿಗಳ ಮನೆ ಎಲ್ಲಿ ಅಂತ. ಅಂಥವರು ಯಾರೂ ಇಲ್ಲ, ಇಲ್ಲೇ ಇರುವವರಿಗೆ ಊರಿನ ಹೆಸರು ಯಾಕೆ ಬೇಕು ಅಂದಳು."

ಶಕುಂತಲಾಗೆ ಗಂಡನ ಮೂಲ ಊರು ನೆನಪಾಯಿತು. ಮದುವೆಯಾದ ಹೊಸದರಲ್ಲಿ ಮನೆದೇವರಿಗೆಂದು ಮುಳಗುಂದಕ್ಕೆ ಹೋದಾಗ, 'ಬಾವಿಮನಿ ಸೊಸಿ ಬಂದಾಳ' ಎಂದು ಓಣಿಗೆ ಓಣಿಯೇ ಬಾಗಿಲಿಗೆ ಬಂದಿತ್ತು. ಆ ಊರಲ್ಲಿ ಅವರು ಬಾವಿಮನಿಯವರು. ಮುಳಗುಂದ ಆದದ್ದು ಮಾವ ಹುಬ್ಬಳ್ಳಿಗೆ ಬಂದು ಅರಿವೆ ಅಂಗಡಿ ಇಟ್ಟ ಮೇಲೆ. ಊರಿಗೆ ಹಿಂತಿರುಗುವ ಮಾತನ್ನು ಪಾಪ, ಮಾವ ಸಾಯುವವರೆಗೂ ಆಡಿದರು.

ಸಂಜೆ ಊಟಕ್ಕೆ ಬಡಿಸುತ್ತಾ ಮಗನಿಗೆ ಹೇಳಿದಳು.

"ಹೆಸರು ಬದಲಿ ಮಾಡ್ಕೋಪಾ, ನಾ ಏನೂ ಬ್ಯಾಡ ಅನ್ನಂಗಿಲ್ಲ. ಆದ್ರ ಮಿಲ್ಲರ್ ಯಾಕ? ನಿಮ್ಮ ಅಜ್ಜಾರು ಬಿಟ್ಟಿದ್ದು ಮುಳಗುಂದ, ಅದಕ್ಕ ಅವರು ಮುಳಗುಂದ ಆದ್ರು. ನೀ ಬಿಟ್ಟಿದ್ದು ಹುಬ್ಬಳ್ಳಿ. ಹುಬ್ಬಳ್ಳಿ ಅಂತ ಇಟ್ಕೋ."

ಶ್ರೀಶೈಲ್ ನಗಲು ಹೋದ, ನಗು ಬರಲಿಲ್ಲ. ಬಂದು ಹತ್ತು ವರ್ಷವಾಗಿದ್ದರೂ ಊರು ಬಿಟ್ಟೆ ಎಂದು ಅವನು ಒಮ್ಮೆಯೂ ಅಂದುಕೊಂಡವನಲ್ಲ.

"ನಾ ಎಲ್ಲಿ ಬಿಟ್ಟೀನವ್ವಾ?" ಎಂದ ಮೆಲ್ಲಗೆ.

"ನಿಮ್ಮ ಅಜ್ಜಾರೂ ಹಂಗ ಅಂತಿದ್ರು," ಎಂದು ಶಕುಂತಲಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಸಂದರ್ಶನಕ್ಕೆ ಅವನು ಮುಳಗುಂದನಾಗಿಯೇ ಹೋಗಿ, ಮುಳಗುಂದನಾಗಿಯೇ ಬಂದ.