ಕೊಟ್ಟೂರಪ್ಪನ ಅಳತೆ

ಬಳ್ಳಾರಿಯ ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಕಲ್ಲುಕಟ್ಟೆಯ ಮೇಲೆ ದಿನಾ ಸಂಜೆ ಒಂದು ಜಗಳ ನಡೆಯುತ್ತಿತ್ತು. ಜಗಳವೆಂದರೆ ತಲೆ ಒಡೆಯುವಂಥದ್ದಲ್ಲ. ಮಿರ್ಚಿ ಮಂಡಕ್ಕಿ ಮುಗಿಯುವವರೆಗೆ ನಡೆದು, ಚಹಾದ ಲೋಟ ಕೆಳಗಿಟ್ಟಾಗ ತಾನಾಗಿ ನಿಲ್ಲುವಂಥದ್ದು. ವಿಷಯವೂ ಒಂದೇ: ಕೊಟ್ಟೂರಪ್ಪ ದೊಡ್ಡ ಆಟಗಾರನೋ, ಅಮರೇಶ್ ದೊಡ್ಡ ಆಟಗಾರನೋ? ಕೊಟ್ಟೂರಪ್ಪ ಆಡಿದ್ದು ಎಂಬತ್ತರ ದಶಕದಲ್ಲಿ. ಅಮರೇಶ್ ಆಡಿದ್ದು ಅದಾಗಿ ಇಪ್ಪತ್ತು ವರ್ಷಕ್ಕೆ. ಇಬ್ಬರೂ ಎದುರುಬದುರು ನಿಂತು ಒಂದು ಪಂದ್ಯವನ್ನೂ ಆಡಿರಲಿಲ್ಲ, ಹಾಗಾಗಿ ವಾದ ತೀರುವ ಭಯ ಯಾರಿಗೂ ಇರಲಿಲ್ಲ.

ಗಾದಿಲಿಂಗಪ್ಪ ಕೊಟ್ಟೂರಪ್ಪನ ಕಡೆಯವನು. ಒಂದೇ ತಂಡದಲ್ಲಿ ಇದ್ದವನು. ಇದ್ದವನು ಎಂದರೆ ಹೆಚ್ಚಿನ ಹೊತ್ತು ಬೆಂಚಿನ ಮೇಲೆ ಕೂತು ನೋಡಿದವನು. ನೋಡಿದ್ದಕ್ಕೆ ಒಂದಿಷ್ಟು ಸೇರಿಸಿ ಹೇಳುವುದರಲ್ಲಿ ಅವನಷ್ಟು ಧಾರಾಳಿ ಇನ್ನೊಬ್ಬನಿಲ್ಲ. ಆಗ ಅಂಕಣ ಮಣ್ಣಿನದು, ಪುಟಿದ ಚೆಂಡು ಎತ್ತ ಹೋಗುತ್ತದೆಂದು ದೇವರಿಗೂ ಗೊತ್ತಿರುತ್ತಿರಲಿಲ್ಲ, ಕಾಲಿಗೆ ಕ್ಯಾನ್ವಾಸ್ ಬೂಟು, ಎಷ್ಟು ದೂರದಿಂದ ಹಾಕಿದರೂ ಎರಡೇ ಅಂಕ, ಮೂರು ಅಂಕದ ಗೆರೆ ನಮ್ಮೂರಿಗೆ ಬರುವ ಹೊತ್ತಿಗೆ ಕೊಟ್ಟೂರನ ಮೊಣಕಾಲು ಹೋಗಿತ್ತು, ಇಲ್ಲದಿದ್ದರೆ ನೋಡಬೇಕಿತ್ತು ಎಂದು ಅವನು ಶುರುಮಾಡುತ್ತಿದ್ದ. ರಾಮಾಂಜಿನಿ ಅಮರೇಶನ ಕಡೆಯವನು, ಅವನ ಕೈಯಲ್ಲೇ ಪಳಗಿದವನು, ವಯಸ್ಸಿನಲ್ಲಿ ಇವರಿಗಿಂತ ಬಹಳ ಚಿಕ್ಕವನು. ಮಣ್ಣು ಎರಡೂ ತಂಡಕ್ಕೂ ಮಣ್ಣೇ ಅಲ್ಲವೇ ಎಂಬುದು ಅವನ ವಾದ. ಕೊಟ್ಟೂರಣ್ಣನನ್ನು ತಡೆಯಲು ನಿಂತವರು ಅವನ ಎದೆಮಟ್ಟಕ್ಕೆ ಬರುತ್ತಿದ್ದರು. ಅಮರೇಶಣ್ಣನನ್ನು ತಡೆಯಲು ಅವನಷ್ಟೇ ಎತ್ತರದವರು ಇಬ್ಬಿಬ್ಬರು ನಿಲ್ಲುತ್ತಿದ್ದರು, ಆದರೂ ಅವನು ಅವರ ತಲೆಯ ಮೇಲಿಂದ ಚೆಂಡು ಹಾಕುತ್ತಿದ್ದ ಎನ್ನುತ್ತ ಮೊಬೈಲು ತೆಗೆದು ಹಳೆಯ ವಿಡಿಯೋ ತೋರಿಸುತ್ತಿದ್ದ. ನಮ್ಮ ಕಾಲಕ್ಕೆ ವಿಡಿಯೋ ಇರಲಿಲ್ಲವಲ್ಲ, ಅದೇ ನಮ್ಮ ಕರ್ಮ ಎಂದು ಗಾದಿಲಿಂಗಪ್ಪ ಮುಖ ತಿರುಗಿಸುತ್ತಿದ್ದ. ವಿಡಿಯೋ ಇಲ್ಲದ್ದೇ ಅವನಿಗೆ ಎಷ್ಟು ಅನುಕೂಲವಾಗಿತ್ತೆಂದು ಎಲ್ಲರಿಗೂ ಗೊತ್ತಿತ್ತು.

ಕಡೆಗೆ ಇಬ್ಬರೂ ಕೊಟ್ಟೂರಪ್ಪನ ಮುಖ ನೋಡುತ್ತಿದ್ದರು. ಅವನು ಚಹಾ ಊದಿ, "ಕಾಲ ಬ್ಯಾರೆ ಬಿಡ್ರಪಾ" ಎನ್ನುತ್ತಿದ್ದ.

ಈ ಮಾತಿಗೆ ಊರು ಅವನನ್ನು ಹೊಗಳಿದ್ದೇ ಹೊಗಳಿದ್ದು. ಅಷ್ಟು ದೊಡ್ಡ ಆಟಗಾರ, ಒಂದು ಚೂರು ಜಂಬ ಇಲ್ಲ ಎಂದು. ವಿನಯ, ಮಣ್ಣಂಗಟ್ಟಿ. ಅಮರೇಶ್ ತನಗಿಂತ ಚೆನ್ನಾಗಿ ಆಡುತ್ತಾನೆಂದು ಕೊಟ್ಟೂರಪ್ಪನಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಅಷ್ಟೇ. ಅರವತ್ತು ದಾಟಿದ ಮನುಷ್ಯ, ಕುಡತಿನಿಯ ವಿದ್ಯುತ್ ಸ್ಥಾವರದ ನೌಕರಿ ಮುಗಿದಿದೆ, ಮೊಣಕಾಲು ಮಡಚಲು ಬರುವುದಿಲ್ಲ. ಅವನ ಹತ್ತಿರ ಉಳಿದದ್ದು ಆ ಕಟ್ಟೆಯ ಮೇಲಿನ ಅರ್ಧ ಹೆಸರು. ಅದನ್ನೂ ಕೊಟ್ಟು ಕೈ ತೊಳೆದುಕೊಳ್ಳುವುದು ಹೇಗೆ?

ಎತ್ತರದ ವಿಷಯದಲ್ಲೂ ಹೀಗೇ. ಊರಿನ ಲೆಕ್ಕದಲ್ಲಿ ಇಬ್ಬರೂ ಸಮ. ಕ್ಲಬ್ಬಿನ ಗೋಡೆಯ ಮೇಲೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಫೋಟೋ ಇದೆ, ಅದರಲ್ಲಿ ತಲೆಗೆ ತಲೆ ಸರಿಯಾಗಿದೆ. ಆದರೆ ಅಮರೇಶ್ ಕೊಟ್ಟೂರಪ್ಪನ ಪಕ್ಕ ನಿಂತಾಗಲೆಲ್ಲ ಸ್ವಲ್ಪ ಬಾಗಿ ನಿಲ್ಲುತ್ತಿದ್ದ. ಅದು ಕೊಟ್ಟೂರಪ್ಪನಿಗೆ ಗೊತ್ತಿತ್ತು. ನೆಟ್ಟಗೆ ನಿಲ್ಲೋ ಎಂದು ಅವನೆಂದೂ ಹೇಳಲಿಲ್ಲ.

ಅಮರೇಶ್ ಕುರುಗೋಡಿನವನು, ಸಿರುಗುಪ್ಪದ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದ. ಊರ ಜಗಳದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ, ಆದರೆ ಒಂದು ಬಾಯಿಂದ ಒಂದು ಮಾತು ಕೇಳುವ ಆಸೆ ಇತ್ತು. ಹೋದ ತಿಂಗಳು ಸಿರುಗುಪ್ಪದಲ್ಲಿ ಶಾಲೆಗಳ ಪಂದ್ಯ ಇಟ್ಟು, ಬಹುಮಾನ ಕೊಡಲು ಕೊಟ್ಟೂರಪ್ಪನನ್ನೇ ಕರೆಸಿದ್ದ. ಎಲ್ಲ ಮುಗಿದು ಬಸ್ ನಿಲ್ದಾಣದ ಎದುರು ಚಹಾ ಕುಡಿಯುವಾಗ ಕೇಳಿಯೂಬಿಟ್ಟ. "ಮಂದಿ ಏನಂತಾರ ನನಗ ಬ್ಯಾಡಣ್ಣ. ನೀ ಒಬ್ಬಾವ ಹೇಳಿದ್ರ ಸಾಕು. ಆಟದಾಗ ನಾ ನಿನ್ನ ಮುಟ್ಟಿದೆನೋ ಇಲ್ಲೋ?"

"ಕಾಲ ಬ್ಯಾರೆ ಬಿಡೋ" ಎಂದ ಕೊಟ್ಟೂರಪ್ಪ.

ಅಮರೇಶ್ ನಕ್ಕುಬಿಟ್ಟ. ಬೇಜಾರು ಮಾಡಿಕೊಳ್ಳುವ ಜಾತಿಯವನಲ್ಲ ಅವನು. ಬಸ್ಸು ಹತ್ತಿಸುವಾಗ ಕಿಟಕಿಯ ಹತ್ತಿರ ಬಂದು, "ಯಾವಾಗರ ಹೇಳತಿ ತಗೊ" ಎಂದ. ಹೇಳಿದರಾಯಿತು, ಅವನೇನು ಓಡಿಹೋಗುತ್ತಾನೆಯೇ ಎಂದುಕೊಂಡು ಕೊಟ್ಟೂರಪ್ಪ ಕಣ್ಣು ಮುಚ್ಚಿ ತೂಕಡಿಸಿದ್ದ.

ಈಗ ಅಮರೇಶ್ ಸತ್ತುಹೋಗಿದ್ದ. ಶಾಲೆಯ ಮೈದಾನದಲ್ಲಿ ಎದೆ ಹಿಡಿದು ಕೂತವನನ್ನು ಬಳ್ಳಾರಿಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು. ಬೆಳಿಗ್ಗೆ ರಾಮಾಂಜಿನಿ ಫೋನು ಮಾಡಿ ಅಳುತ್ತ ಹೇಳಿದಾಗ ಕೊಟ್ಟೂರಪ್ಪ ಪಾರ್ವತಿನಗರದ ಮನೆಯ ಮುಂದೆ ಗಿಡಕ್ಕೆ ನೀರು ಹಾಕುತ್ತಿದ್ದ. ಹೌದೇನು ಎಂದ. ಫೋನಿಟ್ಟು ಉಳಿದ ಗಿಡಗಳಿಗೂ ನೀರು ಹಾಕಿದ. ಅಳು ಬರಲಿಲ್ಲ. ಬರಬೇಕಿತ್ತು ಎಂದು ಗೊತ್ತಿತ್ತು, ಸ್ವಲ್ಪ ಹೊತ್ತು ನಿಂತು ಕಾದೂ ನೋಡಿದ. ಮೈಯೊಳಗೆ ಏನೂ ಅಲುಗಾಡಲಿಲ್ಲ.

ಆಸ್ಪತ್ರೆಗೆ ಹೋಗಿ ಮುಖ ನೋಡಲು ಅವನಿಗೆ ಕಾಲು ಬರಲಿಲ್ಲ. ಮಣ್ಣು ಕುರುಗೋಡಿನಲ್ಲಿ, ಅವರ ಹೊಲದಲ್ಲೇ ಎಂದು ಗೊತ್ತಾದ ಕೂಡಲೇ, ನಾನು ಮುಂದೆ ಹೋಗಿ ಅಲ್ಲಿಯ ಕೆಲಸ ನೋಡಿಕೊಳ್ಳುತ್ತೇನೆ ಎಂದು ಬಸ್ಸು ಹತ್ತಿದ. ಕುರುಗೋಡಿನಲ್ಲಿ ಇಳಿದಾಗ ಹಸಿವಾಗಿತ್ತು. ಹೋಟೆಲಿಗೆ ಹೋಗಿ ಒಗ್ಗರಣಿ ಮಂಡಕ್ಕಿ ತಿಂದ. ಉಪ್ಪು ಕಡಿಮೆ ಎನ್ನಿಸಿ ಉಪ್ಪು ಕೇಳಿ ಹಾಕಿಸಿಕೊಂಡ. ಇಂಥ ದಿನ ಉಪ್ಪಿನ ಚಿಂತೆ ಮಾಡುವ ಮನುಷ್ಯ ತಾನು ಎಂದು ಅವನಿಗೆ ತಿಳಿಯಿತು, ತಿಳಿದರೂ ನಾಚಿಕೆಯಾಗಲಿಲ್ಲ.

ಹೊಲದಲ್ಲಿ ಚಿನ್ನಪ್ಪ ಎಂಬವನು ಕುಣಿ ತೋಡುತ್ತಿದ್ದ. ಸುತ್ತಲಿನ ಊರುಗಳಿಗೆಲ್ಲ ಅವನೇ ತೋಡುವವನು. ಮೇಲೆ ಬೇವಿನ ಮರದ ಕೆಳಗೆ ಅಮರೇಶನ ಅಣ್ಣ ಚನ್ನಬಸವರಾಜ ತಲೆ ಹಿಡಿದು ಕೂತಿದ್ದ. ಕೊಟ್ಟೂರಪ್ಪ ಅವನ ಭುಜ ಮುಟ್ಟಿ, ಕುಣಿಯ ಅಂಚಿಗೆ ಹೋಗಿ ಬಗ್ಗಿ ನೋಡಿದ. ನೋಡಿದ ಕೂಡಲೇ ಇದು ಚಿಕ್ಕದಾಯಿತು ಅನ್ನಿಸಿತು.

ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಚಕ್ಕಳಮಕ್ಕಳ ಹಾಕಿ ಕೂರಿಸಿ ಮಣ್ಣು ಮಾಡುತ್ತಾರೆ. ಅದಕ್ಕೆ ಅಳತೆ ಸತ್ತವನ ಪಾದ. ಪಾದಕ್ಕೆ ದಾರ ಹಿಡಿದು ತಂದು, ಆ ದಾರದ ಮೇಲೆ ಕುಣಿಯ ಉದ್ದ, ಅಗಲ, ಗೂಡು ಎಲ್ಲ ತೆಗೆಯಬೇಕು. ಅಮರೇಶ್ ಇದ್ದದ್ದು ಬಳ್ಳಾರಿಯ ಆಸ್ಪತ್ರೆಯಲ್ಲಿ. ಅವನ ಪಾದಕ್ಕೆ ದಾರ ಹಿಡಿಯಬೇಕೆಂದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಚಿನ್ನಪ್ಪ ಅಳತೆ ಕೇಳಿದಾಗ ಚನ್ನಬಸವರಾಜ ತನ್ನ ಪಾದವನ್ನೇ ಚಾಚಿದ್ದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಪಾದವೂ ಒಂದೇ ಎಂದು ಆ ದುಃಖದಲ್ಲಿ ಅವನಿಗೆ ತೋಚಿತ್ತು. ಅವನೋ ತಮ್ಮನ ಭುಜಕ್ಕೂ ಬಾರದ ಗಿಡ್ಡ ಮನುಷ್ಯ.

ಬಳ್ಳಾರಿಗೆ ಫೋನು ಮಾಡಿದರೆ ಹೆಣದ ಗಾಡಿ ಆಗಲೇ ಹೊರಟಿತ್ತು, ಬಂದ ಮೇಲೆ ಅಳೆದು ತೋಡುವವರೆಗೆ ಕಾಯಿಸುವ ಹಾಗಿರಲಿಲ್ಲ. ತಮ್ಮನನ್ನು ಬಗ್ಗಿಸಿ ತುರುಕಿದಂತಾಗುತ್ತದಲ್ಲ ಎಂದು ಚನ್ನಬಸವರಾಜ ಹಣೆ ಚಚ್ಚಿಕೊಳ್ಳತೊಡಗಿದ. ಚಿನ್ನಪ್ಪ ಹಾರೆ ಊರಿ ನಿಂತು ಸುತ್ತ ಒಮ್ಮೆ ನೋಡಿದ. ಅವನ ಕಣ್ಣು ಕೊಟ್ಟೂರಪ್ಪನ ಪಾದದಿಂದ ತಲೆಯವರೆಗೆ ಹೋಗಿ ಅಲ್ಲೇ ನಿಂತಿತು. ಬಾಯಿ ಬಿಟ್ಟು ಕೇಳುವ ಮಾತಲ್ಲ, ಅವನು ಕೇಳಲಿಲ್ಲ. ಕೊಟ್ಟೂರಪ್ಪ ಚಪ್ಪಲಿ ಬಿಟ್ಟು ಪಂಚೆ ಎತ್ತಿಕಟ್ಟಿದ. ಬದುಕಿದ್ದವರು ಅದರಲ್ಲಿ ಇಳಿದು ಕೂರಬಾರದು, ಬೇಡ ಬೇಡ ಎಂದು ಚನ್ನಬಸವರಾಜ ಎದ್ದು ಬರುವಷ್ಟರಲ್ಲಿ ಅವನು ಚಿನ್ನಪ್ಪನ ಭುಜ ಹಿಡಿದು ಕೆಳಗಿಳಿದಾಗಿತ್ತು.

ಒಳಗೆ ತಂಪಾಗಿತ್ತು. ಮೇಲೆ ಅಷ್ಟು ಬಿಸಿಲಿದ್ದರೂ ಕರಿಮಣ್ಣು ಒದ್ದೆಯಾಗಿತ್ತು. ಮೊದಲು ಅವನ ಪಾದಕ್ಕೆ ದಾರ ಹಿಡಿದು ಚಿನ್ನಪ್ಪ ಉದ್ದ ಅಗಲ ಬಿಡಿಸಿದ. ಆಮೇಲೆ ಕೊಟ್ಟೂರಪ್ಪ ಗೂಡಿನೊಳಗೆ ಹಿಮ್ಮುಖವಾಗಿ ಸರಿದು, ಬಾರದ ಮೊಣಕಾಲನ್ನು ಕೈಯಿಂದ ಎಳೆದು ಮಡಚಿ ಕೂತ. ತಲೆ ಮೇಲಕ್ಕೆ ಬಡಿಯಿತು. ಮೊಣಕಾಲುಗಳು ಎರಡೂ ಪಕ್ಕಕ್ಕೆ ತಾಗಿದವು. ಅವನು ಹೊರಗೆ ಬಂದ, ಚಿನ್ನಪ್ಪ ಕೆತ್ತಿದ. ಮತ್ತೆ ಕೂತ, ಮತ್ತೆ ಬಂದ. ಕಡೆಗೊಮ್ಮೆ ಕೂತಾಗ ಎಲ್ಲೂ ತಾಗಲಿಲ್ಲ. ಕುರ್ಚಿಯಲ್ಲಿ ಕೂತಷ್ಟೇ ಆರಾಮವಾಗಿತ್ತು. ಇಲ್ಲಿ ಕೂತಾದರೂ ಹೆದರಿಕೆಯಾಗಬೇಕಿತ್ತು, ದುಃಖವಾಗಬೇಕಿತ್ತು; ಮೊಣಕಾಲು ನೋಯುತ್ತಿತ್ತು, ಅಷ್ಟೇ.

"ಸಾಕೇನ್ರಿ?" ಎಂದ ಚಿನ್ನಪ್ಪ.

"ನನಗ ಸಾಕು" ಎಂದ ಕೊಟ್ಟೂರಪ್ಪ. ತಲೆಯ ಮೇಲಿನ ಮಣ್ಣು ಮುಟ್ಟಿ ನೋಡಿ, "ಅವಂಗ ಸಾಲಂಗಿಲ್ಲ" ಎಂದ.

ಚಿನ್ನಪ್ಪ ಮತ್ತೆ ಹಾರೆ ಎತ್ತಿಕೊಂಡ.

"ಅವ ನನಗಿಂತ ನಾಕು ಬೆರಳು ಎತ್ತರ. ಕಾಲೂ ಉದ್ದ. ಮ್ಯಾಲ ನಾಕು ಬೆರಳು ತೆಗಿ, ಮಗ್ಗಲಾಗ ಅಂಗೈ ಅಗಲ ತೆಗಿ." ಹೇಳಿ ಮುಗಿಯಿತೆಂದುಕೊಂಡಿದ್ದ. ಆದರೆ ಬಾಯಿ ತಾನಾಗಿ ಮುಂದುವರಿಯಿತು. "ನನಗಿಂತ ಚಲೋ ಆಡತಿದ್ದ."

"ಏನ್ ಆಡತಿದ್ರಿ?"

"ಬ್ಯಾಸ್ಕೆಟ್‌ಬಾಲು."

"ನನಗ ಅದು ಗೊತ್ತಿಲ್ರಿ" ಎಂದ ಚಿನ್ನಪ್ಪ. "ನೀವು ಹೇಳಿದ ಮ್ಯಾಲ ಖರೇನ ಇರತೈತಿ."

ಅವನು ಬೆರಳು ಇಟ್ಟು ಗುರುತು ಮಾಡಿಕೊಂಡು ಕೆತ್ತತೊಡಗಿದ. ಮಣ್ಣಿನ ಹೆಂಟೆಗಳು ಕೊಟ್ಟೂರಪ್ಪನ ಪಾದದ ಮೇಲೆ ಬಿದ್ದವು. ಒಬ್ಬನು ಕೇಳಿ ಕೇಳಿ ಸತ್ತ ಮಾತು, ಚೆಂಡನ್ನೇ ಕಾಣದ ಇನ್ನೊಬ್ಬನ ಕಿವಿಗೆ ಎಷ್ಟು ಸಲೀಸಾಗಿ ಬಿತ್ತಲ್ಲ ಎಂದು ಅವನಿಗೆ ಅನ್ನಿಸಿತು.

ಮಧ್ಯಾಹ್ನ ಗಾಡಿ ಬಂತು. ಅಯ್ಯನವರು ಮಂತ್ರ ಹೇಳಿದರು, ಹೆಂಗಸರು ಅತ್ತರು, ಅಮರೇಶನನ್ನು ಇಳಿಸಿ ಕೂರಿಸಿದರು. ತಲೆ ಎಲ್ಲೂ ತಾಗಲಿಲ್ಲ, ಬಗ್ಗಲೂ ಇಲ್ಲ. ಅವನು ನೆಟ್ಟಗೆ ಕೂತಿದ್ದ. ಎಲ್ಲರಂತೆ ಕೊಟ್ಟೂರಪ್ಪನೂ ವಿಭೂತಿ ಹಾಕಿ, ಪತ್ರಿ ಹಾಕಿ, ಮೂರು ಹಿಡಿ ಮಣ್ಣು ಹಾಕಿದ. ಚಿನ್ನಪ್ಪ ಆಚೆಯಿಂದ ಅವನ ಕಡೆ ನೋಡಿ, ಸರಿಹೋಯಿತು ಎಂಬಂತೆ ತಲೆಯಾಡಿಸಿದ. ಇವನೂ ಆಡಿಸಿದ. ರಾತ್ರಿ ಮನೆಗೆ ಬಂದು ಸ್ನಾನ ಮಾಡಿ ಚೆನ್ನಾಗಿ ನಿದ್ದೆ ಮಾಡಿದ.

ಮರುದಿನ ಸಂಜೆ ಕಟ್ಟೆಯ ಮೇಲೆ ಮೂವರೂ ಸೇರಿದರು. ಬರದಿದ್ದರೂ ಆಗುತ್ತಿತ್ತು, ಆದರೆ ಆ ಹೊತ್ತಿಗೆ ಬೇರೆ ಎಲ್ಲಿ ಹೋಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮಿರ್ಚಿ ಆರುತ್ತಿತ್ತು. ಗಾದಿಲಿಂಗಪ್ಪ ಬಹಳ ಹೊತ್ತು ಗಂಟಲು ಕೆರೆದುಕೊಂಡು, ಹುಡುಗ ಚಲೋ ಆಡುತ್ತಿದ್ದ, ನಾನೇ ಸುಮ್ಮನೆ ಹಟಕ್ಕೆ ಬಿದ್ದು ಏನೇನೋ ಅಂದೆ ಎಂದ.

"ನನಗಿಂತ ಚಲೋ ಆಡತಿದ್ದ" ಎಂದ ಕೊಟ್ಟೂರಪ್ಪ.

ಇಪ್ಪತ್ತು ವರ್ಷ ಈ ಕಟ್ಟೆ ಕಾದ ತೀರ್ಪು ಅದು. ಹೇಳಿ ಅವನು ಇಬ್ಬರ ಮುಖವನ್ನೂ ನೋಡಿದ. ಗಾದಿಲಿಂಗಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು ಸವರಿದ. "ಹೋದವರ ಬಗ್ಗೆ ಹಂಗ ಅನ್ನಬೇಕಪಾ. ನಿನ್ನ ಮನಸ್ಸು ದೊಡ್ಡದು."

"ದೊಡ್ಡ ಮನಸ್ಸಿನ ಮಾತಲ್ಲಲೇ ಇದು. ಖರೇ ಹೇಳಾಕತ್ತೀನಿ" ಎಂದು ಕೊಟ್ಟೂರಪ್ಪ ರಾಮಾಂಜಿನಿಯ ಕಡೆ ತಿರುಗಿದ. ಇವನಾದರೂ ಒಪ್ಪುತ್ತಾನೆ, ಇಷ್ಟು ವರ್ಷ ಇದನ್ನೇ ಅಲ್ಲವೇ ಇವನು ಒದರಿದ್ದು.

ರಾಮಾಂಜಿನಿ ಕಣ್ಣೊರೆಸಿಕೊಂಡ. "ಬಿಡಣ್ಣ. ಅಮರೇಶಣ್ಣಗೂ ಗೊತ್ತಿತ್ತು. ಏನ ಮಾಡಿದ್ರೂ ಕೊಟ್ಟೂರಣ್ಣನ್ನ ಮುಟ್ಟಾಕ ಆಗಲಿಲ್ಲೋ ಅಂತ ನನ್ನ ಮುಂದ ಎಷ್ಟು ಸಲ ಅಂದಾನ. ಇನ್ನ ಮ್ಯಾಲ ನಾನೂ ವಾದ ಮಾಡಂಗಿಲ್ಲ. ನೀನ ದೊಡ್ಡಾವ."

ಹೀಗೆ ಕೊಟ್ಟೂರಪ್ಪ ಗೆದ್ದುಬಿಟ್ಟ. ಪೂರ್ತಿ ಹೆಸರು ಅವನ ಮಡಿಲಿಗೆ ಬಂದು ಬಿತ್ತು, ತಗೊಳ್ಳಲೇಬೇಕು ಎನ್ನುವಂತೆ. ಬೇಡವೆಂದರೆ ಅದೂ ಅವನ ವಿನಯವೇ ಆಗುತ್ತದೆ. ಎರಡು ದಿನದಿಂದ ಮರಗಟ್ಟಿದ್ದ ಮೈಯಲ್ಲಿ ಮೊದಲು ಬಂದದ್ದು ಸಿಟ್ಟು. ಅವನು ಎದ್ದು ನಿಂತ.

"ನಾಕು ಬೆರಳು ಎತ್ತರ ಇದ್ದ ಅವ. ಕೂತು ನೋಡೀನಿ ನಾನು. ಬೇಕಾದ್ರ ಕುರುಗೋಡಿಗೆ ಹೋಗಿ ಚಿನ್ನಪ್ಪನ್ನ ಕೇಳ್ರಿ" ಎಂದ. ಆಮೇಲೆ ಅಳು ಬಂತು. ಅಷ್ಟು ಎತ್ತರದ ಮನುಷ್ಯ ನಿಂತಲ್ಲೇ ಬಾಯಿ ತೆರೆದು ಗೊಳೋ ಎಂದು ಅತ್ತ. ಅಂಕಣದಲ್ಲಿ ಆಡುತ್ತಿದ್ದವರು ಚೆಂಡು ಹಿಡಿದುಕೊಂಡು ಈ ಕಡೆ ನೋಡಿದರು.

ಇಬ್ಬರೂ ಅವನನ್ನು ಹಿಡಿದು ಕೂರಿಸಿದರು. ರಾಮಾಂಜಿನಿ ನೀರು ತರಲು ಓಡಿದ. ಅಳಲಿ ಬಿಡು, ನಿನ್ನೆಯಿಂದ ಅತ್ತಿಲ್ಲ, ಒಳಗೇ ಇಟ್ಟುಕೊಂಡಿದ್ದ ಎಂದು ಗಾದಿಲಿಂಗಪ್ಪ ಅವನ ಬೆನ್ನು ಸವರುತ್ತಲೇ ಇದ್ದ. ಚಿನ್ನಪ್ಪ ಯಾರು ಎಂದು ಇಬ್ಬರೂ ಕೇಳಲಿಲ್ಲ.