ಎಂಟು ನಿಮಿಷದ ತೇವ

ರೇಡಿಯೇಟರ್ ಮತ್ತೆ ಸಿಳ್ಳು ಹಾಕುತ್ತಿದೆ, ಡಿ ಸ್ವರಕ್ಕಿಂತ ತುಸುವೇ ಕೆಳಗೆ, ಇನ್ನಷ್ಟು ಉಗಿ ಏರಿದರೆ ಶ್ರುತಿಗೆ ಕೂಡಿಯೇಬಿಡುತ್ತದೆ, ಇದನ್ನು ಇಲ್ಲಿ ಕೂರಿಸಿದವರೂ ಫಿಂಟನ್ ಗಿಲ್‌ಹೂಲಿಯೇ ಅಲ್ಲವೇ, ನಲವತ್ತು ವರ್ಷ ಅಮೆರಿಕದ ಈ ಸೇಂಟ್ ಪಾಲ್ ನಗರದ ಉಗಿಕೊಳವೆಗಳನ್ನು ಜೋಡಿಸಿದ ಕೈಗಳು, ಸಂಜೆಯಾದರೆ ಅದೇ ಕೈಗಳಲ್ಲಿ ಮೊಣಕೈ ಪೈಪು, ಮೊಣಕೈಯಿಂದ ತಿದಿಯೊತ್ತಿ ನುಡಿಸುವ ಐರಿಷ್ ಚೀಲವಾದ್ಯ — ಈಗ ಆ ಎರಡೂ ಕೈ ಕೆಳಗೆ, ಬಲಿಪೀಠದ ಮುಂದೆ, ಬಿಳಿ ವಸ್ತ್ರ ಹೊದಿಸಿದ ಪೆಟ್ಟಿಗೆಯೊಳಗೆ ಜಪಮಾಲೆ ಸುತ್ತಿಕೊಂಡು ಸುಮ್ಮನಿವೆ, ನಾನು ಮೇಲೆ, ಚರ್ಚಿನ ಗಾಯಕರ ಅಟ್ಟದಲ್ಲಿ, ಅವರದೇ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೇನೆ. ಅಂತ್ಯಕ್ರಿಯೆಯ ಪುಸ್ತಿಕೆಯಲ್ಲಿ ಅಚ್ಚಾಗಿದೆ, ಅಂತಿಮ ಗೀತೆ, ಮೊಣಕೈ ಪೈಪಿನಲ್ಲಿ ಊನಾ ಡಿವೇನಿ, ಗಿಲ್‌ಹೂಲಿಯವರ ಕೊನೆಯ ಶಿಷ್ಯೆ, ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಐರ್ಲೆಂಡಿನ ಕ್ಲೇರ್‌ನಲ್ಲಿ ಕೆತ್ತಿದ ಮೂಲ ರೀಡಿನೊಂದಿಗೆ. ಮೂಲ ರೀಡು. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಒಳಗೆ ಎಪ್ಪತ್ತೆರಡು, ಗಾಳಿಯ ತೇವ ಶೇಕಡಾ ಹದಿನಾಲ್ಕು, ಬೆಂಚಿನ ಮೇಲಿಟ್ಟ ನನ್ನ ಪುಟ್ಟ ಮಾಪಕ ಸುಳ್ಳು ಹೇಳುವುದಿಲ್ಲ, ಬುಧವಾರವೇ ಬಂದು ಅಳೆದು ಹೋಗಿದ್ದೆ, ಅವತ್ತೂ ಹದಿನಾಲ್ಕು, ಜೊಂಡಿನ ಪಾಲಿಗೆ ಇದು ಮರುಭೂಮಿ — ರೀಡು ಎಂದರೆ ಮತ್ತೇನು, ಜೊಂಡಿನ ಎರಡು ತೆಳು ಸೀಳುಗಳು, ತುಟಿಗೆ ತುಟಿ ಕೂಡಿಸಿ ಮೇಣದ ದಾರ ಬಿಗಿದದ್ದು, ನಡುವೆ ಬಾದಾಮಿಯಾಕಾರದ ಒಂದು ಬಿರುಕು, ಕಿಟಕಿಗೆ ಹಿಡಿದರೆ ಅದರೊಳಗೆ ಒಂದು ಎಳೆ ಬೆಳಕು, ಇಷ್ಟು ದೊಡ್ಡ ವಾದ್ಯದ ಜೀವವೆಲ್ಲ ಆ ಬಿರುಕಿನಲ್ಲಿ, ಒಣಗಿದರೆ ಅದು ಮುಚ್ಚಿಕೊಳ್ಳುತ್ತದೆ, ಮೊದಲು ಮೇಲಿನ ಸ್ವರಗಳು ಸಾಯುತ್ತವೆ, ಆಮೇಲೆ ಉಳಿದವು. ಇಲ್ಲಿನ ಐರಿಷ್ ಮೂಲದ ನಮ್ಮ ಜನ ಇದನ್ನು ಎಂದೂ ಕಲಿಯುವುದಿಲ್ಲ, ಪ್ರತಿ ಶರತ್ಕಾಲದಲ್ಲಿ ಐರ್ಲೆಂಡಿನಿಂದ ರೀಡು ತರಿಸುತ್ತಾರೆ, ಕಡಲ ಗಾಳಿಯಲ್ಲಿ ಹುಟ್ಟಿದ್ದು, ಡಿಸೆಂಬರಿನಲ್ಲಿ ಇಲ್ಲಿ ಬಾಯಿ ಕಚ್ಚಿಕೊಳ್ಳುತ್ತದೆ, ಆದರೂ ಯಾರೂ ಎಸೆಯುವುದಿಲ್ಲ, ಹತ್ತಿಯಲ್ಲಿ ಸುತ್ತಿ ಸಂತರ ಎಲುಬಿನಂತೆ ಡಬ್ಬಿಯಲ್ಲಿಡುತ್ತಾರೆ, ಮುಂದಿನ ವರ್ಷ ಮತ್ತೊಂದು ತರಿಸುತ್ತಾರೆ, ನನ್ನ ಲೆಕ್ಕದ ಚಟಕ್ಕೆ ಪ್ರೊಫೆಸರ್ ಎಂದೇ ಕರೆಯುತ್ತಿದ್ದ ಫಿಂಟನ್ ನಕ್ಕು ಹೇಳುತ್ತಿದ್ದರು, ಸತ್ತ ರೀಡಿಗೆ ಮರ್ಯಾದೆ ಕೊಡು ಪ್ರೊಫೆಸರ್, ಗಾಳಿ ಕೊಡ್ಬೇಡ.

ಹೀಗಿದ್ದೂ ನಾನು ಮಾತು ಕೊಟ್ಟೆ, ಅದೂ ಲೆಕ್ಕ ಹಾಕದೆ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅಳತೆಯೇ ಕಸುಬಾದ ನನ್ನಂಥವಳು. ಭಾನುವಾರ, ಅವರು ತೀರಿಕೊಂಡ ಮರುದಿನ, ಅವರ ಹೆಂಡತಿ ಲೊರೆಟಾ ಅಡುಗೆಮನೆಯ ಮೇಜಿನ ಮೇಲೆ ಹಳೆಯ ತಂಬಾಕಿನ ಡಬ್ಬಿ ತಂದಿಟ್ಟರು, ಸುತ್ತಲೂ ನೆರೆಯವರು ಒಲೆಯಲ್ಲಿ ಬೇಯಿಸಿ ಕೊಟ್ಟುಹೋದ ಆಲೂಗಡ್ಡೆಯ ಹಾಟ್‌ಡಿಶ್‌ಗಳು, ಏಳು ಬೋಗುಣಿ, ಒಂದೊಂದರ ತಳಕ್ಕೂ ಒಡತಿಯ ಹೆಸರು ಬರೆದ ಅಂಟುಪಟ್ಟಿ, ತಿನ್ನು ಮಗಳೇ ತಿನ್ನು, ಇಷ್ಟು ಆಲೂಗಡ್ಡೆ ಐರ್ಲೆಂಡಲ್ಲಿ ಆ ಬರಗಾಲದಾಗ ಇದ್ದಿದ್ರೆ ನಮ್ಮ ಮುತ್ತಾತಂದಿರು ಹಡಗೇ ಹತ್ತುತ್ತಿರ್ಲಿಲ್ಲ, ಅಂದರು, ನಗಲಿಲ್ಲ, ಡಬ್ಬಿಯನ್ನು ನನ್ನತ್ತ ನೂಕಿದರು. ಇಪ್ಪತ್ತರ ಹರೆಯದಲ್ಲಿ ಫಿಂಟನ್ ಊರು ಬಿಡುವಾಗ ಅವರ ಗುರು ಕೆತ್ತಿ ಕೊಟ್ಟ ರೀಡು, ಆಗಸ್ಟಿನಲ್ಲಿ ಮಾತ್ರ, ನದಿಯ ದ್ವೀಪದ ಐರಿಷ್ ಉತ್ಸವದಲ್ಲಿ, ಮಿಸಿಸಿಪ್ಪಿಯ ಸೆಕೆಗೆ ಅಂಗಿ ಬೆನ್ನಿಗಂಟಿದಾಗ ಮಾತ್ರ ಹೊರಬರುತ್ತಿದ್ದದ್ದು. ಇದನ್ನ ಹಾಕ್ತೀಯಾ, ಅವರ ಊರಿಂದು, ಒಂದೇ ಒಂದ್ಸಲ, ಕೇಳ್ಕೊಂಡು ಹೋಗ್ಲಿ ಅವರು. ಹಾಕ್ತೀನಿ ಮಿಸೆಸ್ ಗಿಲ್‌ಹೂಲಿ, ಅಂದೆ, ನಾಲಗೆಯೇ ಅಂದುಬಿಟ್ಟಿತು, ಮನೆಗೆ ಬಂದು ಕಿಟಕಿಗೆ ಹಿಡಿದು ನೋಡುತ್ತೇನೆ, ಬಿರುಕಿಲ್ಲ, ಬೆಳಕಿಲ್ಲ, ಎರಡು ತುಟಿ ಹೊಲಿದಂತೆ ಕೂಡಿಕೊಂಡಿವೆ. ಇರಲಿ, ಇದು ಪರಿಹಾರವಿರುವ ಸಮಸ್ಯೆ, ಗಾಜಿನ ಭರಣಿ, ತಳದಲ್ಲಿ ಅಡುಗೆಯುಪ್ಪಿನ ತುಂಬು ದ್ರಾವಣ, ಇನ್ನು ಕರಗದು ಎನ್ನುವಷ್ಟು ಉಪ್ಪು, ಮೇಲೆ ಜಾಲರಿ, ಜಾಲರಿಯ ಮೇಲೆ ರೀಡು, ಬಿಗಿ ಮುಚ್ಚಳ — ಅಂಥ ದ್ರಾವಣದ ಮೇಲಿನ ಗಾಳಿಯಲ್ಲಿ ತೇವ ಶೇಕಡಾ ಎಪ್ಪತ್ತೈದಕ್ಕೆ ನಿಲ್ಲುತ್ತದೆ, ಅದು ಭೌತನಿಯಮ, ಯಾರ ಹರಕೆಯೂ ಬೇಕಿಲ್ಲ, ಒಂದು ಭರಣಿಯಷ್ಟು ಕ್ಲೇರ್ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ. ಸೋಮವಾರ ಸಂಜೆಗೆ ಬಿರುಕು ತೆರೆಯಿತು, ಒಂದು ಎಳೆ ಬೆಳಕು, ನುಡಿಸಿದೆ, ಅಬ್ಬಾ, ಅದರ ದನಿ, ಜೇನಿನಲ್ಲಿ ಮರಳು ಕಲಸಿದಂತೆ, ನಾನು ವಲಸೆ ಬಂದವರ ಐದನೆಯ ತಲೆಮಾರಿನವಳು, ಐರ್ಲೆಂಡನ್ನು ಕಂಡವಳೇ ಅಲ್ಲ, ಆದರೂ ನಿಲ್ಲಿಸದೆ ನುಡಿಸುತ್ತಲೇ ಹೋದೆ, ಹನ್ನೊಂದನೆಯ ನಿಮಿಷಕ್ಕೆ ರೀಡು ಬಾಯಿ ಮುಚ್ಚಿತು. ಮಂಗಳವಾರ ಹತ್ತು ನಿಮಿಷ. ಬುಧವಾರ ಒಂಬತ್ತು. ತೆರೆದು ಮುಚ್ಚಿ ಜೊಂಡು ದಣಿಯುತ್ತಿದೆ, ಗುರುವಾರ ಅದನ್ನು ಮುಟ್ಟಲಿಲ್ಲ, ಇವತ್ತಿಗೆ ಎಂಟು ನಿಮಿಷ ಎಂದು ಹಿಡಿದಿದ್ದೇನೆ, ಗೀತೆಗೆ ನಾಲ್ಕು, ಕೂರಿಸಿ ಶ್ರುತಿ ನೋಡಲು ಎರಡು, ಕೈಯಲ್ಲಿ ಇನ್ನೂ ಎರಡು ಉಳಿಯುತ್ತವೆ, ಸಾಕು, ಬೇಕಾದಷ್ಟಾಯಿತು.

ಪ್ರಸಾದದ ಸಾಲು ಕರಗುತ್ತಿದೆ, ಹಾಡಿನ ಕೊನೆಯ ಚರಣ, ಈಗಲೇ, ಆರ್ಗನ್ನಿನ ಸದ್ದಿನ ಮರೆಯಲ್ಲೇ ಶ್ರುತಿ ನೋಡಿಕೊಳ್ಳಬೇಕು, ಮೌನದಲ್ಲಿ ಕೂಡದು, ಭರಣಿಯ ಮುಚ್ಚಳ ತಿರುಗಿಸಿದೆ, ಗಡಿಯಾರ ಒತ್ತಿದೆ, ರೀಡು ಸ್ವರನಳಿಗೆಯ ತಲೆಗೆ, ಬಲ ಮೊಣಕೈ ಕೆಳಗಿನ ತಿದಿ ಒಮ್ಮೆ ಉಸಿರೆಳೆದುಕೊಂಡಿತು, ಎಡಗಂಕುಳ ಚೀಲ ತುಂಬಿತು, ಮೂರು ಶ್ರುತಿನಳಿಗೆಗಳನ್ನು ಆರ್ಗನ್ನಿನ ಡಿಗೆ ಹೊಂದಿಸಿದೆ, ಕೂಡಿತು, ನುಣ್ಣಗೆ ಕೂಡಿತು, ಆರ್ಗನ್ ನುಡಿಸುವ ಮಾಯ್ ಯಾಂಗ್ ಹೆಬ್ಬೆರಳೆತ್ತಿದಳು, ಏಷ್ಯಾದಿಂದ ವಲಸೆ ಬಂದ ಹ್ಮಾಂಗ್ ಜನರ ಮನೆತನದ ಹುಡುಗಿ, ಈ ಚರ್ಚಿನ ಭಾನುವಾರಗಳನ್ನು ಈಗ ಎತ್ತಿ ನಿಲ್ಲಿಸಿರುವವರು ಅವಳ ಕಡೆಯವರೇ, ಒಂದು ನಿಮಿಷ ನಲವತ್ತು ಸೆಕೆಂಡು, ಎಲ್ಲ ಅಂದುಕೊಂಡಂತೆಯೇ — ಅಲ್ಲ, ಅದು ಯಾರು ಎದ್ದದ್ದು, ಹಸಿರು ಟೈ, ಬೋಳುತಲೆ, ಡರ್ಮಟ್ ಕ್ಯೂಸಾಕ್, ಪೈಪರ್ಸ್ ಕ್ಲಬ್ಬಿನ ಅಧ್ಯಕ್ಷ, ಕ್ಲೇರ್‌ನ ರೀಡನ್ನು ಪುಸ್ತಿಕೆಗೆ ಏರಿಸಿದ ಮಹಾಶಯ, ಪಾದ್ರಿಗಳ ಕಿವಿಯಲ್ಲಿ ಏನೋ ಉಸುರಿ ಮೈಕಿನ ಮುಂದೆ ನಿಂತೇಬಿಟ್ಟರು. ಸ್ನೇಹಿತರೇ, ಎರಡೇ ಎರಡು ನಿಮಿಷ. ಮಾಯ್ ನನ್ನ ಕಡೆ ಬಾಗಿದಳು, ನಿಮ್ಮೋರ ಎರಡು ನಿಮಿಷ ಅಂದ್ರೆ ಎಷ್ಟು ಕಣೇ, ಹಿಂದಿನ ಸಲ ಎರಡು ನಿಮಿಷ ಅಂದೋರು ಇಳಿಯೋ ಹೊತ್ತಿಗೆ ನನ್ನ ಪಾರ್ಕಿಂಗ್ ಅವಧಿ ಮುಗಿದಿತ್ತು. ಸುಮ್ನಿರೇ, ಅಂದೆ. ಎರಡು ನಿಮಿಷ ಐವತ್ತು. ಫಿಂಟನ್ ನಮ್ಮ ಮನೆ ಬಾಯ್ಲರ್ ರಿಪೇರಿಗೆ ಬಂದವನು, ಡರ್ಮಟ್ ಶುರುಮಾಡಿದರು, ಊಟಕ್ಕೆ ಕೂತ, ಎದ್ದಿದ್ದು ಮೂರು ದಿನ ಆದ್ಮೇಲೆ, ಬಾಯ್ಲರ್ ಹಂಗೇ ಇತ್ತು, ಬೆಂಚುಗಳಲ್ಲಿ ನಗು ಹರಿದಾಡಿತು. ಮೂರೂವರೆ. ಸೇಂಟ್ ಪ್ಯಾಟ್ರಿಕ್ ಮೆರವಣಿಗೆ ದಿನ ಹಿಮದಲ್ಲಿ ನಡೀತಾ ಇದ್ವಿ, ಪಕ್ಕದಲ್ಲೊಬ್ಬ ಹುಡುಗ ಹಸಿರು ಬಿಯರ್ ಕುಡ್ದು ಕೇಳ್ದ, ತಾತಾ ನೀವು ನಿಜವಾದ ಐರಿಷ್ಷಾ ಅಂತ, ಇವನು ಹೇಳ್ದ, ಅಲ್ಲಪ್ಪ, ನಿಜವಾದ ಐರಿಷ್‌ನೋರು ಈ ಚಳೀಲಿ ಮನೇಲಿರ್ತಾರೆ. ಇನ್ನೊಂದು ನಗು, ದೊಡ್ಡದು, ನಾಲ್ಕು ನಿಮಿಷ ಇಪ್ಪತ್ತು, ನಾನು ಹಲ್ಲು ಕಚ್ಚಿ ಕೆಳಗೆ ನೋಡುತ್ತೇನೆ, ಡರ್ಮಟ್, ಇಳಿಯಿರಿ, ದಯವಿಟ್ಟು ಇಳಿಯಿರಿ, ಜೊಂಡು ಒಣಗುತ್ತಿದೆ — ಮತ್ತು ಮೊದಲ ಬೆಂಚಿನಲ್ಲಿ ಲೊರೆಟಾರ ಭುಜ ಕುಲುಕುತ್ತಿದೆ, ಅಳುವಲ್ಲ, ನಗು, ಕರವಸ್ತ್ರ ಬಾಯಿಗೊತ್ತಿಕೊಂಡು ಹಿಂದಕ್ಕೆ ತಲೆ ಚೆಲ್ಲಿ ನಗುತ್ತಿದ್ದಾರೆ, ಶನಿವಾರದಿಂದ ನಾನು ಕಾಣದ ನಗು. ಐದು ನಿಮಿಷ ಹತ್ತು. ಹಾಗಾದರೆ ಡರ್ಮಟ್ ಕದಿಯುತ್ತಿರುವ ನಿಮಿಷಗಳು ಹೋಗುತ್ತಿರುವುದು ಆ ನಗುವಿಗೆ, ಅಲ್ಲಿಗೇ ಹೋಗಬೇಕು, ಅದನ್ನು ನಿಲ್ಲಿಸುವ ಹಕ್ಕು ನನ್ನ ಗಡಿಯಾರಕ್ಕಿಲ್ಲ, ಇಷ್ಟನ್ನು ನಾನು ಒಪ್ಪುತ್ತೇನೆ, ಒಪ್ಪಿದ ಮೇಲೆ ಲೆಕ್ಕ ಸಲೀಸು, ಈ ಕ್ಷಣ ಅವರು ಇಳಿದರೂ ನನಗೆ ಎರಡೂಮುಕ್ಕಾಲು ನಿಮಿಷ ಸಿಗುತ್ತದೆ, ಗೀತೆಗೆ ನಾಲ್ಕು, ಎರಡನೆಯ ಸುತ್ತಿನ ಮೇಲಿನ ಸ್ವರದಲ್ಲಿ ರೀಡು ಬಾಯಿ ಮುಚ್ಚುತ್ತದೆ, ಕೋಳಿಮರಿಯ ಕೀಚಲಿನಂಥ ಒಂದು ಸದ್ದು, ಅವರ ಊರು ಅವರ ಪೆಟ್ಟಿಗೆಯ ಮುಂದೆ ಕೀಚಲಿಟ್ಟು ಸಾಯುತ್ತದೆ, ಅದು ಲೊರೆಟಾರ ಕಿವಿಯಲ್ಲಿ ಬದುಕಿರುವಷ್ಟು ದಿನ ಉಳಿಯುತ್ತದೆ.

ಅಂಗಿಯ ಜೇಬಿನಲ್ಲಿ ಇನ್ನೊಂದು ರೀಡಿದೆ, ನನ್ನದು, ಕೈಯಿಟ್ಟು ನೋಡಬೇಕಿಲ್ಲ, ಇದೆ, ಕಳೆದ ಫೆಬ್ರವರಿಯಲ್ಲಿ ಅವರ ನೆಲಮಾಳಿಗೆಯಲ್ಲಿ, ಕುಲುಮೆಯ ಪಕ್ಕದ ಮೇಜಿನಲ್ಲಿ ಕೆತ್ತಿದ್ದು, ಹದಿನೇಳನೆಯದು, ಮೊದಲ ಹದಿನಾರನ್ನು ಅವರು ಬೂಟಿನಡಿ ಹಾಕಿ ತುಳಿದಿದ್ದರು, ಇದು ರೀಡಲ್ಲ ಪ್ರೊಫೆಸರ್, ಹಲ್ಲುಕಡ್ಡಿ, ಇನ್ನೊಂದು ಮಾಡು, ಹದಿನೇಳನೆಯದನ್ನು ತುಟಿಗಿಟ್ಟು ಕೂಗಿಸಿದರು, ಕುಲುಮೆಯ ಬೆಂಕಿಯ ಬೆಳಕಿಗೆ ಹಿಡಿದರು, ಬಿರುಕು, ಒಂದು ಎಳೆ ಬೆಳಕು, ಬೂಟು ಎತ್ತಲಿಲ್ಲ. ಕಡಿಮೆ ತೇವದಲ್ಲೇ ಕೆತ್ತಿದ್ದೀಯ, ಇನ್ನೇನು ಒಣಗೋಕೆ ಉಳ್ದಿದೆ ಇದ್ರಲ್ಲಿ, ಅಂದರು, ಅವರ ಮೆಚ್ಚುಗೆಯ ಮಾತು ಅದಕ್ಕಿಂತ ಉದ್ದ ಎಂದೂ ಇರಲಿಲ್ಲ, ನಾನು ಅದನ್ನು ನನ್ನ ಪದವಿಪತ್ರಕ್ಕಿಂತ ಮೇಲೆ ಇಟ್ಟುಕೊಂಡಿದ್ದೇನೆ. ಜೊಂಡು ಕ್ಯಾಲಿಫೋರ್ನಿಯಾದ ಹಳ್ಳದ ದಂಡೆಯದು, ರೀಡಿನ ಸೊಂಟಕ್ಕೆ ಬಿಗಿದ ತಾಮ್ರದ ಪಟ್ಟಿ ಈ ಚರ್ಚಿನದೇ, ಕೆಳಗಿನ ಹಾಲಿನ ಅಡುಗೆಮನೆಗೆ ಫಿಂಟನ್ ನೀರಿನ ಕೊಳವೆ ಹಾಕಿದಾಗ ಉಳಿದ ತುಂಡು, ಈಗ ಅದೇ ಅಡುಗೆಮನೆಯಲ್ಲಿ ಪೂಜೆಯ ನಂತರದ ಊಟಕ್ಕೆ ಹ್ಯಾಮ್ ಬಿಸಿಯಾಗುತ್ತಿದೆ, ವಾಸನೆ ಇಲ್ಲಿಯವರೆಗೆ ಬಂದಿದೆ. ಚಳಿಗಾಲದ ಮದುವೆ, ಚಳಿಗಾಲದ ಸಾವು, ಮಾರ್ಚಿನ ಮೆರವಣಿಗೆ, ಎಲ್ಲಕ್ಕೂ ಫಿಂಟನ್ ಇಂಥದ್ದನ್ನೇ ನುಡಿಸಿದ್ದು, ನೆಲಮಾಳಿಗೆಯಲ್ಲಿ ಹುಟ್ಟಿದ್ದನ್ನು, ಜನ ಕಣ್ಣು ಮುಚ್ಚಿ ಆಹಾ ಕ್ಲೇರ್ ಎಂದರು, ಅವರು ತಿದ್ದಲಿಲ್ಲ, ಹಾಗೆಂದ ಮಾತ್ರಕ್ಕೆ ನಾನೂ ತಿದ್ದದೆ ಬಿಡಲಾಗದು, ತಪ್ಪು ಚೀಟಿ ಅಂಟಿದ ನೀರಿನ ಮಾದರಿ ಎಷ್ಟೇ ಶುದ್ಧವಿರಲಿ, ನಮ್ಮ ಪ್ರಯೋಗಾಲಯದಲ್ಲಿ ಚೆಲ್ಲುತ್ತೇವೆ. ಸದ್ದಿಲ್ಲದೆ ಬದಲಿಸಿದರೆ ಯಾರಿಗೂ ತಿಳಿಯದು, ಪುಸ್ತಿಕೆ ನನ್ನ ಪರವಾಗಿ ಸುಳ್ಳು ಹೇಳುತ್ತದೆ, ಲೊರೆಟಾ ಮನೆಗೆ ಹೋಗಿ ನೆಮ್ಮದಿಯಿಂದ ಮಲಗುತ್ತಾರೆ — ಬೇಡ, ಮಾತು ಕೊಟ್ಟವಳು ನಾನು, ಮುರಿಯುವುದಾದರೆ ಅವರ ಮುಖ ನೋಡಿ ಮುರಿಯುತ್ತೇನೆ. ಏಳು ನಿಮಿಷ ಐವತ್ತು, ಡರ್ಮಟ್ ಕೊನೆಗೂ ಕೈ ಮೇಲೆತ್ತಿ ನನ್ನನ್ನು ತೋರಿಸುತ್ತಿದ್ದಾರೆ, ಮುನ್ನೂರು ತಲೆಗಳು ಅಟ್ಟದತ್ತ ತಿರುಗಿವೆ, ನಾನು ಕ್ಲೇರ್‌ನ ರೀಡನ್ನು ಕಿತ್ತು ಕಿಟಕಿಗೆ ಹಿಡಿಯುತ್ತೇನೆ, ಬೆಳಕಿಲ್ಲ, ಹೊಲಿದ ತುಟಿ, ಲೆಕ್ಕ ಹತ್ತು ಸೆಕೆಂಡೂ ತಪ್ಪಲಿಲ್ಲ, ಅದನ್ನು ಭರಣಿಯ ಜಾಲರಿಯ ಮೇಲೆ ಮಲಗಿಸಿ ಮುಚ್ಚಳ ಬಿಗಿದೆ, ಮಲಗು, ನಿನಗೆ ಮರ್ಯಾದೆ. ಎದ್ದು ನಿಂತೆ, ಕಟಕಟೆಯ ಮೇಲೆ ಬಾಗಿದೆ, ಮಿಸೆಸ್ ಗಿಲ್‌ಹೂಲಿ, ಊರಿನ ರೀಡು ಒಣಗಿ ಬಾಯಿ ಮುಚ್ಕೊಂಡಿದೆ, ಇವತ್ತು ಆಗಲ್ಲ, ಕ್ಷಮಿಸಿ, ಆಗಸ್ಟಲ್ಲಿ ನದಿ ದಂಡೇಲಿ ನಿಮಗೆ ಅಂತಲೇ ಅದನ್ನ ನುಡಿಸ್ತೀನಿ, ಈಗ ನುಡಿಸೋದು ಇಲ್ಲಿ ಹುಟ್ಟಿದ್ದು, ಅವರ ನೆಲಮಾಳಿಗೇಲಿ, ನಾನು ಮಾಡಿದ್ದು. ರೇಡಿಯೇಟರ್ ಸಿಳ್ಳು ಹಾಕುತ್ತಲೇ ಇದೆ, ಲೊರೆಟಾ ಕುತ್ತಿಗೆ ಹಿಂದಕ್ಕೆ ವಾಲಿಸಿ ನನ್ನನ್ನೇ ನೋಡುತ್ತಾರೆ, ಒದ್ದೆ ಕಣ್ಣು, ಒಂದು, ಎರಡು, ಮೂರು ಸೆಕೆಂಡು, ಆಮೇಲೆ ಪೆಟ್ಟಿಗೆಯ ಕಡೆ ಒಮ್ಮೆ, ಮತ್ತೆ ಮೇಲಕ್ಕೆ, ಅವರು ತುಳೀದೆ ಬಿಟ್ಟಿದ್ದಾ ಅದು, ಎಂದು ಕೇಳಿದರು, ಆ ದೊಡ್ಡ ಚರ್ಚಿನಲ್ಲಿ ಅಡುಗೆಮನೆಯಲ್ಲಿದ್ದಂತೆ ಕೇಳಿದರು, ಹೌದು, ಅಂದೆ, ಹಂಗಾದ್ರೆ ಶುರು ಮಾಡು ಮಗಳೇ, ಹ್ಯಾಮ್ ಆರಿಹೋಗ್ತದೆ. ಮಾಯ್ ಕೇಳದೆಯೇ ಡಿ ಹಿಡಿದಿದ್ದಾಳೆ, ಮೆಲ್ಲಗೆ, ರೇಡಿಯೇಟರ್ ಕೂಡ ಏರಿ ಬಂದು ಅದಕ್ಕೆ ಕೂಡಿಕೊಂಡಿದೆ, ಜೇಬಿನಿಂದ ನನ್ನದನ್ನು ತೆಗೆದೆ, ನಳಿಗೆಯ ತಲೆಗಿಡುವ ಮುನ್ನ ಒಮ್ಮೆ, ಅವರು ಮಾಡುತ್ತಿದ್ದಂತೆ, ಕಿಟಕಿಗೆ, ಹೊರಗೆಲ್ಲ ಹಿಮ, ಹಿಮದ ಮೇಲೆ ಹನ್ನೊಂದೂಮುಕ್ಕಾಲರ ಸೂರ್ಯ, ಎರಡು ತುಟಿಗಳ ನಡುವೆ ಬಾದಾಮಿಯಾಕಾರದ ಬಿರುಕು, ಅಳತೆ ಗೊತ್ತು, ಹೇಳಬಲ್ಲೆ, ಹೇಳುವುದಿಲ್ಲ, ಬಿರುಕು, ಅದರೊಳಗೆ ಒಂದು ಎಳೆ ಬೆಳಕು, ಅಲುಗದೆ, ಒಂದು ಎಳೆ —